ಮೊಲದ ಬಟ್ಟಲು

ಹುಡುಗ ಬರುವುದಕ್ಕೆ ಮುಂಚೆ ಹೋಗಿ ಹೋಟೆಲಿನ ಅಕ್ಕನ ಕಿವಿಯಲ್ಲಿ ಒಂದು ಮಾತು ಹಾಕಿಬಿಡಬೇಕು ಎಂದುಕೊಂಡೇ ಟೈಲರ್ ಯಜಮಾನರು ಅಂಗಡಿ ಬಿಟ್ಟು ಹೊರಟಿದ್ದರು. ಥಾಯ್ ಹೋಟೆಲಿನ ಗಾಜಿನ ಬಾಗಿಲು ತಳ್ಳಿದರೆ, ಹುಡುಗ ಆಗಲೇ ಫ್ಯಾನಿನ ಕೆಳಗಿನ ಮೇಜು ಹಿಡಿದು ಕೂತಿದ್ದ. ಲಿಫ್ಟ್ ರಿಪೇರಿ ಮಾಡುವ ಹುಡುಗ. ಮದುವೆಯಾದರೆ ಇವನನ್ನೇ ಎಂದು ಮಗಳು ಹಟ ಹಿಡಿದಿದ್ದಳು. "ಒಂದ್ಸಲ ಎದುರಿಗೆ ಕೂರಿಸಿಕೊಂಡು ಊಟ ಮಾಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದರು ಯಜಮಾನರು. ಪರೀಕ್ಷೆಗೆ ಈ ಜಾಗ ಆರಿಸಿದ್ದೂ ಅವರೇ. ಪುಟ್ಟ ಹೋಟೆಲು, ಜೇಬಿಗೆ ಭಾರವಲ್ಲ, ಅಷ್ಟು ದೊಡ್ಡ ಊರಿನಲ್ಲಿ ಅವರನ್ನು ಕಂಡ ಕೂಡಲೇ ಕುರ್ಚಿ ಒರೆಸಿಕೊಡುತ್ತಿದ್ದುದು ಅಲ್ಲಿ ಮಾತ್ರ.

ತೊಂದರೆ ಏನೆಂದರೆ, ಅಲ್ಲಿಯ ಮೆನುವಿನಲ್ಲಿ ಖಾರಕ್ಕೆ ತಕ್ಕಂತೆ ಒಂದು, ಎರಡು, ಮೂರು ಮೆಣಸಿನಕಾಯಿ ಬರೆದಿರುತ್ತಿದ್ದರು. ಯಜಮಾನರು ಮೂರು ಮೆಣಸಿನಕಾಯಿಯದನ್ನು ಸಲೀಸಾಗಿ ತಿಂದು ಬರುತ್ತಾರೆಂದು ಮನೆಮಂದಿಯೆಲ್ಲ ನಂಬಿದ್ದರು. ಹಾಗೆಂದು ಕೊಚ್ಚಿಕೊಂಡವರು ಯಜಮಾನರೇ. ನಿಜವಾಗಿ, ಮೊದಲ ದಿನ ಎರಡರದನ್ನು ತಿಂದು ಅವರು ಬಿಕ್ಕಳಿಸಿದ ರೀತಿಗೆ ಹೋಟೆಲಿನ ಒಡತಿ ಅಕ್ಕ ಹೆದರಿಹೋಗಿದ್ದಳು. ಅಂದಿನಿಂದ ಅವರಿಗೆ ಮಕ್ಕಳ ನೂಡಲ್ಸೇ ಗತಿ. ಮೊಲದ ಚಿತ್ರದ ಬಟ್ಟಲು, ಬೆರಳುದ್ದದ ಹಳದಿ ಚಮಚ. ವರ್ಷಗಳಿಂದ ಅದನ್ನೇ ಅವರು ಚಪ್ಪರಿಸಿಕೊಂಡು ತಿನ್ನುತ್ತಿದ್ದರು.

ಅಕ್ಕ ಬಂದು ನಿಂತಳು. ಯಜಮಾನರು ಕಣ್ಸನ್ನೆ ಮಾಡಿದರು.

"ಕಣ್ಣಿಗೆ ಏನಾದ್ರೂ ಬಿತ್ತಾ ಅಣ್ಣ? ನೀರು ತರ್ಲಾ?"

"ಏನಿಲ್ಲಮ್ಮ. ನಂಗೆ ಯಾವಾಗಿನದ್ದೇ ಕೊಡು."

"ನಂಗೆ ಮೂರು ಮೆಣಸಿನಕಾಯಿದು," ಎಂದ ಹುಡುಗ. "ನೀವೂ ಅದನ್ನೇ ತಿಂತೀರಂತಲ್ಲ ಸರ್, ಅವಳು ಹೇಳಿದ್ಲು."

"ಮತ್ತೆ? ಖಾರ ತಡೀದೇ ಇರೋನು ಸಂಸಾರ ಏನು ತಡೀತಾನೆ?" ಎಂದುಬಿಟ್ಟರು ಯಜಮಾನರು. ಬಾಯಿ ಸುಮ್ಮನಿರಬೇಕಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಎರಡು ಬಟ್ಟಲು ಹಿಡಿದು ಬಂದಳು. ಒಂದರಲ್ಲಿ ಕೆಂಪು ಎಣ್ಣೆ ತೇಲುತ್ತಿತ್ತು. ಇನ್ನೊಂದರ ಮೇಲೆ ಮೊಲ ನಗುತ್ತಿತ್ತು. "ಮಕ್ಕಳದ್ದು..." ಎನ್ನುತ್ತ ಅವಳ ಕೈ ಯಜಮಾನರ ಕಡೆಗೇ ಬಂತು. ಅವರ ಮುಖ ಬಿಳುಚಿಕೊಂಡಿತು. ಮಾನ ಮೂರು ಕಾಸಿಗೆ ಹೋಗಲು ಒಂದೇ ಗೇಣು ಬಾಕಿ.

ಹುಡುಗ ಬಟ್ಟಲನ್ನು ನೋಡಿದ, ಅವರ ಮುಖವನ್ನು ನೋಡಿದ. "ಅದು ನಂದು ಅಕ್ಕ," ಎಂದು ಮೊಲವನ್ನು ತನ್ನತ್ತ ಎಳೆದುಕೊಂಡ. "ಕೆಂಪು ಸರ್‌ಗೆ. ನಂಗ್ಯಾಕೋ ಇವತ್ತು ಹೊಟ್ಟೆ ಸರಿಯಿಲ್ಲ."

ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣ ತಮ್ಮ ಮುಂದೆ ಕೂತ ಕೆಂಪು ಬಟ್ಟಲನ್ನು ನೋಡಿದರು, ಬಂದ ಜೀವ ವಾಪಸು ಹೋಯಿತು.

ತಿನ್ನದೆ ವಿಧಿಯಿರಲಿಲ್ಲ. ಮೊದಲ ತುತ್ತಿಗೆ ಕಿವಿ ಬಿಸಿಯಾಯಿತು, ಎರಡನೆಯದಕ್ಕೆ ಮೂಗು ಸೋರತೊಡಗಿತು. ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಗಂಟಲಲ್ಲೇ ಸುಟ್ಟುಹೋದವು. "ಕೆಲ್ಸ... ಹೇಗೆ?" ಎಂದಷ್ಟೇ ಹೊರಟಿತು.

"ಲಿಫ್ಟ್ ರಿಪೇರಿ ಸುಲಭ ಸರ್. ಒಳಗೆ ಸಿಕ್ಕಿಹಾಕಿಕೊಂಡೋರದೇ ಕಷ್ಟ," ಎಂದ ಹುಡುಗ ಪುಟ್ಟ ಚಮಚದಲ್ಲಿ ನೂಡಲ್ಸ್ ಹಿಡಿಯಲು ಒದ್ದಾಡುತ್ತ. "ಬಾಗಿಲು ತೆಗೆದ ತಕ್ಷಣ ಅವರ ಮುಖ ನೋಡಬಾರ್ದು. ಬೆವರಿರ್ತಾರೆ, ಒಬ್ಬೊಬ್ರು ಅತ್ತೂ ಇರ್ತಾರೆ. ನಾನು ಸ್ಕ್ರೂಡ್ರೈವರ್ ಹುಡುಕೋ ಹಾಗೆ ಚೀಲದೊಳಗೆ ನೋಡ್ತಾ ಇರ್ತೀನಿ. ಅವರು ಮುಖ ಒರೆಸಿಕೊಂಡು ಹೋದ್ಮೇಲೆ ಕೆಲ್ಸ ಶುರು."

ಹಾಗೆನ್ನುವಾಗಲೂ ಅವನು ತಲೆಯೆತ್ತದೆ ಮೊಲದ ಕಿವಿಯನ್ನೇ ನೋಡುತ್ತಿದ್ದ. ಯಜಮಾನರು ಕೈಗೆ ಸಿಕ್ಕ ಕಾಗದದಿಂದ ಕಣ್ಣು ಮೂಗು ಎರಡನ್ನೂ ಒರೆಸಿಕೊಂಡರು. ಅವರಿಗೆ ಹುಡುಗ ಇಷ್ಟವಾಗಿಬಿಟ್ಟಿದ್ದ.

ಅಷ್ಟರಲ್ಲಿ ಮಗಳ ಫೋನು ಬಂತು. ಅವಳಿಗೆ ತಡೆಯಲಾಗಿರಲಿಲ್ಲ. "ಅಪ್ಪಾ, ಏನಾಯ್ತು? ಏನಂದ್ರಿ ಅವನಿಗೆ?"

"ಒಳ್ಳೇ ಹುಡುಗ ಕಣಮ್ಮ," ಎಂದರು ಯಜಮಾನರು ಮೂಗೆಳೆಯುತ್ತ. "ನನ್ನ ಒಪ್ಪಿಗೆ ಇದೆ."

"ಅಪ್ಪಾ... ಅಳ್ತಿದೀರಾ?"

"ಮಗಳನ್ನ ಕೊಡೋ ಹೊತ್ತಲ್ಲಿ ಅಳದೇ ಇರ್ತಾನೇನಮ್ಮ ಅಪ್ಪ?" ಎಂದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಫೋನಿಟ್ಟು, ಕೆಂಪು ಬಟ್ಟಲನ್ನು ಹುಡುಗನತ್ತ ನೂಕಿದರು. "ಸರ್ ಅಂದಿದ್ದು ಸಾಕು, ಇನ್ಮೇಲೆ ಮಾವ ಅನ್ನು. ಈಗ ಅದನ್ನ ಇತ್ಲಾಗೆ ಕೊಡಪ್ಪ."

ಹುಡುಗ ಹಳದಿ ಚಮಚ ಒರೆಸಿ, ಮೊಲದ ಬಟ್ಟಲನ್ನು ಅವರ ಮುಂದಿಟ್ಟ. ಅದರಲ್ಲಿ ಅರ್ಧ ಭಾಗವನ್ನು ಅವನು ಮುಟ್ಟಿಯೇ ಇರಲಿಲ್ಲ.