ಇಪ್ಪತ್ತೆರಡು ದಿನದ ದ್ವೀಪ

“ನಿಮ್ಮನ್ನ ಯಾರೂ ಇಲ್ಲದ ಒಂದು ದ್ವೀಪಕ್ಕೆ ಬಿಟ್ಟುಬಂದ್ರು ಅಂತ ಇಟ್ಕೊಳ್ಳಿ. ಮೂರು ಪುಸ್ತಕ, ಮೂರು ಸಿನಿಮಾ ತಗೊಂಡು ಹೋಗ್ಬೋದು. ಯಾವ್ಯಾವ್ದು ತಗೋತೀರಿ?”

ಹೆಣ್ಣು ನೋಡಲು ಬಂದವನನ್ನು ಕೇಳುವ ಪ್ರಶ್ನೆಯೇ ಇದು? ಆದರೆ ಶಿವರಂಜಿನಿ ಕೇಳಿಯೇಬಿಟ್ಟಳು. ಉಮ್ಮತ್ತೂರಿನ ಅವಳ ಮನೆಯ ತಾರಸಿಯ ಮೇಲೆ, ಬೇಯಿಸಿ ಒಣಹಾಕಿದ್ದ ಅರಿಸಿನದ ನಡುವೆ ಕಾಲಿಡಲು ಜಾಗ ಹುಡುಕಿಕೊಂಡು ಇಬ್ಬರೂ ನಿಂತಿದ್ದರು. ಮಾತಾಡಿಕೊಂಡು ಬರಲು ಅಪ್ಪ ಗೋವಿಂದಯ್ಯ ಕೊಟ್ಟಿದ್ದು ಹತ್ತೇ ನಿಮಿಷ. ಹಿಂದೆ ನೋಡಲು ಬಂದ ಇಬ್ಬರಿಗೂ ಅವಳು ಇದೇ ಪ್ರಶ್ನೆ ಹಾಕಿದ್ದಳು. ಒಬ್ಬ, “ಅಲ್ಲಿ ನೆಟ್‌ವರ್ಕ್ ಸಿಗ್ತದಾ?” ಎಂದಿದ್ದ. ಇನ್ನೊಬ್ಬ ನಕ್ಕು ಕೆಳಗಿಳಿದವನು, ಹುಡುಗಿ ಸ್ವಲ್ಪ ಒಂಥರಾ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಶಾಂತರಾಜು ನಗಲಿಲ್ಲ. ತೆರಕಣಾಂಬಿಯವನು; ಬಂಡೀಪುರದ ಕಾಡಿನೊಳಗೆ, ಕಳ್ಳಬೇಟೆ ತಡೆಯುವ ಕ್ಯಾಂಪಿನಲ್ಲಿ ವಾಚರ್. ದೂರದ ನೀಲಿ ಬೆಟ್ಟಗಳ ಕಡೆ ನೋಡುತ್ತ ಪಾಪ, ನಿಜವಾಗಿಯೂ ಯೋಚನೆ ಮಾಡಿದ.

“ಪುಸ್ತಕ ಒಂದೇ ಸಾಕು. ದಪ್ಪಗಿರ್ಬೇಕು ಅಷ್ಟೆ. ಕ್ಯಾಂಪಲ್ಲಿ ನಾವು ನಾಕ್ ಜನ. ಒಂದು ಪುಸ್ತಕ ಸಿಕ್ರೆ ನಾಕ್ ಪಾಲು ಮಾಡ್ಕೋತೀವಿ.”

“ಅಯ್ಯೋ! ಪುಸ್ತಕ ಹರೀತೀರಾ?”

“ಹರಿಯೋದಲ್ಲ ಕಣ್ರಿ, ಬ್ಲೇಡಲ್ಲಿ ನೀಟಾಗಿ ಕುಯ್ತೀವಿ. ಆಮೇಲೆ ಸೂಜಿ ದಾರ ಹಾಕಿ ಹೊಲೀತೀವಿ. ಮೊದಲ್ನೇ ಪಾಲು ಹಳಬರಾದ ಮೂಗಯ್ಯಣ್ಣಂಗೆ. ನಾನು ಎಲ್ಲಾರ್ಗಿಂತ ಕಡೇಲಿ ಸೇರ್ದೋನು. ನಂಗೆ ಯಾವಾಗ್ಲೂ ಕಡೇ ಪಾಲೇ ಮೊದ್ಲು ಬರೋದು.”

“ಹಂಗಾದ್ರೆ ಕಥೆ ಹೆಂಗೆ ಮುಗೀತದೆ ಅಂತ ಮೊದ್ಲೇ ಗೊತ್ತಾಗೋಯ್ತಲ್ಲ!”

“ಊಂ. ಯಾರು ಸತ್ರು, ಯಾರು ಯಾರ್ನ ಬುಟ್ಟೋದ್ರು ಎಲ್ಲಾ ಗೊತ್ತಿರ್ತದೆ. ಹದಿನೈದು ದಿನ ಆದ್ಮೇಲೆ ಮೊದಲ್ನೇ ಪಾಲು ಕೈಗೆ ಬತ್ತದಲ್ಲ, ಅದ್ರಲ್ಲಿ ಅವ್ರು ಇನ್ನೂ ನಗ್ತಾ ಇರ್ತಾರೆ. ಬೋ ಪ್ರೀತಿ ಬಂದ್ಬುಡ್ತದೆ ಅವ್ರ ಮ್ಯಾಲೆ.”

ಸಿನಿಮಾದ ಕಥೆಯೂ ಹಾಗೆಯೇ. ಸೋಲಾರ್ ಚಾರ್ಜಿನಲ್ಲಿ ದಿನಕ್ಕೆ ಅರ್ಧ ಗಂಟೆಯಷ್ಟೇ ಮೊಬೈಲ್ ನೋಡಬಹುದಂತೆ. ಹೀರೋ ಸೋಮವಾರ ಹೀರೋಯಿನ್‌ಳನ್ನು ನೋಡಿದರೆ ಮಾತಾಡಿಸುವುದು ಬುಧವಾರವಂತೆ. ಮಂಗಳವಾರ ಪೂರ್ತಿ, ಕಾಡಿನ ಗಸ್ತಿಗೆ ನಡೆಯುವಾಗ, ಅವನು ಏನು ಮಾತಾಡಬಹುದು ಎಂದು ನಾಲ್ವರೂ ತಲೆಗೊಂದು ಹೇಳುತ್ತಾರಂತೆ.

ಶಿವರಂಜಿನಿಗೆ ಕಾಲ ಕೆಳಗಿನ ಅರಿಸಿನ ಮರೆತೇಹೋಯಿತು. ಆನೆ ಬಾರದಂತೆ ಸುತ್ತ ಕಂದಕ ತೋಡಿದ ಒಂದು ಪುಟ್ಟ ಮನೆ. ಅದರ ಮೇಲೆ ನಿಧಾನ ಇಳಿಯುವ ಮಂಜು. ಒಳಗೆ ನಾಲ್ಕು ಜನ, ನಾಲ್ಕು ಮೂಲೆ, ಒಂದೇ ಕಥೆ. ಒಬ್ಬನ ಕೈಯಲ್ಲಿ ಕಥೆಯ ಹೆಂಗಸು ಇನ್ನೂ ಲಂಗ ತೊಟ್ಟು ಓಡುತ್ತಿದ್ದಾಳೆ, ಇನ್ನೊಬ್ಬನ ಕೈಯಲ್ಲಿ ಅವಳ ಮದುವೆ ನಡೆಯುತ್ತಿದೆ, ಇವನ ಕೈಯಲ್ಲಿ ತಲೆ ನರೆತು ಕೂತಿದ್ದಾಳೆ. ಹೊರಗೆ ಎಲ್ಲೋ ಆನೆಯೊಂದು ಬಿದಿರು ಮುರಿಯುತ್ತಿದೆ. ಇವನನ್ನು ಬಿಡಬಾರದು ಎಂದು ಅವಳ ಮನಸ್ಸು ಆಗಲೇ ಹೇಳಿಬಿಟ್ಟಿತು.

“ಒಂದ್ ಮಾತು ಯೋಳ್ಬುಡ್ತೀನಿ,” ಎಂದ ಶಾಂತರಾಜು. “ನಾನು ತಿಂಗಳಿಗೆ ಇಪ್ಪತ್ತೆರಡು ದಿನ ಅಲ್ಲೇ. ಫೋನೂ ಸಿಕ್ಕಲ್ಲ. ನೋಡಿ, ಅಲ್ಲಿ ನಾಕ್ ಜನ ಇರ್ತೀವಿ, ಅದು ದ್ವೀಪ ಅಲ್ಲ. ದ್ವೀಪ ಆಗೋದು ನಮ್ಮನೆ. ಅಲ್ಲಿರ್ಬೇಕಾದೋರು ನೀವು. ನೀವ್ ಯೋಳಿ, ಏನ್ ತಗೊಂಡ್ ಬತ್ತೀರಿ?”

ಕನಸು ತಟಕ್ಕನೆ ನಿಂತಿತು. ಮೂರು ಜನಕ್ಕೆ ಕೇಳಿದ ಪ್ರಶ್ನೆಯನ್ನು ಯಾರಾದರೂ ತನಗೇ ತಿರುಗಿ ಕೇಳಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಚಾಮರಾಜನಗರದ ಔಷಧಿ ಅಂಗಡಿಯ ಕೆಲಸ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಓದುವ ಮುಕ್ಕಾಲು ಗಂಟೆ, ದಾರಿಯುದ್ದಕ್ಕೂ ಹರಟುವ ಗೆಳತಿಯರು, ಎಲ್ಲ ಕಣ್ಣ ಮುಂದೆ ಬಂತು. ಅವಳಿಗೆ ಭಯವಾಯಿತು.

“ಗೊತ್ತಿದ್ದೂ ಗೊತ್ತಿದ್ದೂ ದ್ವೀಪಕ್ಕೆ ಯಾರಾದ್ರೂ ಹೋಗ್ತಾರಾ?”

“ಓಗಲ್ಲ. ಅದ್ಕೇ ಮೊದ್ಲೇ ಯೋಳ್ದೆ. ಬರೋರು ಕಡೇ ಪಾಲು ಓದ್ಕೊಂಡೇ ಬರ್ಲಿ ಅಂತ.”

ಶಿವರಂಜಿನಿ ಕಾಲ ಬಳಿಯ ಅರಿಸಿನದ ಕೊಂಬೊಂದನ್ನು ಪಕ್ಕಕ್ಕೆ ಸರಿಸಿದಳು.

“ಈಗ ಮನೇಲಿ ಯಾರಿರ್ತಾರೆ?”

“ಅವ್ವ. ಸ್ಕೂಲಲ್ಲಿ ಬಿಸಿಯೂಟದ ಅಡಿಗೆ ಮಾಡ್ತಾಳೆ. ಸಂಜೆ ಮ್ಯಾಲೆ ಮನೇಲೇ.”

“ಏನು ಮಾಡ್ತಾರೆ ಸಂಜೆ? ಯಾವ ಸಿನಿಮಾ ನೋಡ್ತಾರೆ?”

“ಗೊತ್ತಿಲ್ಲ ಕಣ್ರಿ,” ಎಂದ ಶಾಂತರಾಜು. “ನಾನ್ ಯಾವತ್ತೂ ಕೇಳೇ ಇಲ್ಲ.” ಅವನ ಮುಖ ಸಣ್ಣದಾಯಿತು.

ಕೆಳಗಿನಿಂದ ಗೋವಿಂದಯ್ಯ ಕೆಮ್ಮಿದ. ಹತ್ತು ನಿಮಿಷ ಆಗಿಹೋಗಿತ್ತು.

ಅವರು ಇಳಿದು ಬಂದಾಗ ಚಾಪೆಯ ಮೇಲೆ ಕೂತವರೆಲ್ಲ ಮಾತು ನಿಲ್ಲಿಸಿದರು. “ಏನ್ ಮಗಾ, ಏನಂತೀಯ?” ಎಂದು ಅಪ್ಪ ಕೇಳಿದ. ಶಿವರಂಜಿನಿ ಎಲ್ಲರನ್ನೂ ದಾಟಿಕೊಂಡು, ಗೋಡೆಗೆ ಒರಗಿ ಕೂತಿದ್ದ ಶಾಂತರಾಜುವಿನ ತಾಯಿ ಮರಿತಾಯಮ್ಮನ ಮುಂದೆ ಬಂದು ನಿಂತಳು.

“ಅತ್ತೆ, ನಿಮ್ಗೆ ಯಾವ ಸಿನಿಮಾ ಅಂದ್ರೆ ಇಷ್ಟ?”

ಮರಿತಾಯಮ್ಮನ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಮಗನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಆಮೇಲೆ ಚಾಪೆಯ ಮೇಲೆ ಒಂದಿಷ್ಟು ಆಚೆ ಸರಿದಳು.

“ಇಷ್ಟು ವರ್ಷಕ್ಕೆ ಒಬ್ರಾದ್ರೂ ಕೇಳಿರ್ನಿಲ್ಲ ಕಣವ್ವ. ಕೂತ್ಕೊ, ಯೋಳ್ತೀನಿ.”