ಅಮ್ಮನ ಪಜಲ್

ಜೋಗ ಜಲಪಾತದ ಪಜಲ್ ಜೋಡಿಸಿ ಮುಗಿಸಿದ ದಿನ ನೆಂದ ಹಾಸಿಗೆ ಇನ್ನೂ ತಾರಸಿಯ ಮೇಲೆ ಒಣಗುತ್ತಿತ್ತು. ಕೊನೆಯ ತುಂಡು ಕೂತರೆ ಚಿತ್ರದಲ್ಲಿದ್ದದ್ದು ಮನೆಯೊಳಗೆ ಬರುತ್ತದೆ, ತುಂಡುಗಳನ್ನು ಬಿಚ್ಚಿದರೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಎದುರುಮನೆಯವರಂತೂ ಫ್ಯಾನು ಸಾಲದೆಂದು ಹಿಮಾಲಯದ ಪಜಲನ್ನು ಬೇಸಿಗೆ ಮುಗಿಯುವವರೆಗೂ ಬಿಚ್ಚುವುದಿಲ್ಲ.

ಈ ಭಾನುವಾರ ಪರಮೇಶಿ ಜೋಡಿಸುತ್ತಿದ್ದದ್ದು, ತೀರಿಹೋದ ತಾಯಿಯ ಫೋಟೊ ಕೊಟ್ಟು ಮಾಡಿಸಿದ ಪಜಲ್. ಸೆರಗು, ಕನ್ನಡಕ, ಬೈತಲೆ ಎಲ್ಲ ಕೂತವು. ಮೂಗುಬೊಟ್ಟಿನ ತುಂಡೊಂದು ಮಾತ್ರ ಸಿಗಲಿಲ್ಲ. ಸೋಫಾ ಎತ್ತಿ ನೋಡಿದ, ಕಸದ ಬುಟ್ಟಿ ಕೆದಕಿದ, ಸುಮ್ಮನೆ ಮಲಗಿದ್ದ ನಾಯಿಯನ್ನು ಬೈದ.

“ಕಾತ್ಯಾಯಿನಿ, ನೀನೇನಾದ್ರೂ ನೋಡಿದ್ಯಾ?”

ಹೆಂಡತಿ ಅಡುಗೆಮನೆಯಲ್ಲಿ ಸ್ಟೂಲು ಹತ್ತಿ, ಶೆಲ್ಫಿನ ಹಳೇ ಎಣ್ಣೆಜಿಡ್ಡನ್ನು ಒಂದೇ ಕೈಯಲ್ಲಿ ಉಜ್ಜುತ್ತಿದ್ದಳು. ಇನ್ನೊಂದು ಕೈ ಮುಷ್ಟಿ ಬಿಗಿದಿದ್ದದ್ದು ಬಾಗಿಲಿಗೆ ಬಂದ ಪರಮೇಶಿಯ ಕಣ್ಣಿಗೆ ಬಿತ್ತು.

“ಕೊಡೇ. ಅಮ್ಮನ್ನ ನೋಡಿ ಎಷ್ಟು ವರ್ಷ ಆಯ್ತು! ನಿಂಗೆ ಅವಳು ಬರೋದು ಇಷ್ಟ ಇಲ್ವಾ?”

“ಯಾರು ಹಾಗಂದಿದ್ದು? ಅವರಿಗಂತ ಶ್ಯಾವಿಗೆ ಪಾಯಸಾನೂ ಮಾಡಿಟ್ಟಿದೀನಿ” ಎಂದಳು ಕಾತ್ಯಾಯಿನಿ, ಮುಷ್ಟಿ ಸಡಿಲಿಸದೆ. “ಈ ಶೆಲ್ಫ್ ಒಂದು ಮುಗೀಲಿ, ಕೊಡ್ತೀನಿ. ನಿಮ್ಮಮ್ಮ ಬಂದ ತಕ್ಷಣ ಮೊದ್ಲು ಬೆರಳಾಡಿಸಿ ನೋಡೋದು ಇಲ್ಲೇ.”