ಕೊನೆಯ ಪುಟದ ಒಂದು ಮಾತು

ಕಾದಂಬರಿಯಲ್ಲಿ ಯಾರನ್ನಾದರೂ ಸಾಯಿಸಬೇಕಾದರೆ ಆ ಪಾತ್ರವನ್ನೇ ಮನೆಗೆ ಕರೆಸಿ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳಬೇಕೆಂಬ ಕಾನೂನು ಬಂದಾಗಿನಿಂದ, ಕಾದಂಬರಿಕಾರ ಮರಿದೇವಯ್ಯನವರ ಜಗಲಿ ಖಾಲಿ ಬಿದ್ದ ದಿನವೇ ಇಲ್ಲ. ಹನ್ನೊಂದು ಕಾದಂಬರಿಗಳಲ್ಲಿ ಒಬ್ಬರನ್ನೂ ಅವರು ಉಳಿಸಿರಲಿಲ್ಲ. ಬದುಕೆಂದರೆ ಇಷ್ಟೇ ಎಂಬುದು ಅವರ ನಂಬಿಕೆ.

ಈ ಬೆಳಿಗ್ಗೆ ಬಂದವಳು ಹನ್ನೆರಡನೆಯದರ ಹೂವಾಡಗಿತ್ತಿ ಚೆಲುವಾಜಮ್ಮ. ಆಪರೇಷನ್ನಿಗೆಂದು ಹೊರಟು ಆಸ್ಪತ್ರೆಯಲ್ಲೇ ಸಾಯುವವಳು. ಕೊನೆಯ ಪುಟ ಓದಿ ಮುಖ ಸಿಂಡರಿಸಿದಳು.

"ಸಾಯೋದಕ್ಕೆ ನನ್ನ ತಕರಾರಿಲ್ಲ ಸ್ವಾಮಿ. ಆದ್ರೆ ಬಾಗಿಲಲ್ಲಿ ನಿಂತು ಮಗಳಿಗೆ 'ಹೋಗ್ತೀನಿ' ಅಂದೆ ಅಂತ ಬರ್ದಿದೀರಲ್ಲ, ಮನೆ ಬಿಡೋವಾಗ ಯಾರಾದ್ರೂ ಹಂಗಂತಾರಾ? 'ಬರ್ತೀನಿ' ಅಂತ ತಿದ್ದಿ."

"ನೀನು ವಾಪಸ್ ಬರೋದೇ ಇಲ್ವಲ್ಲಮ್ಮ. ಸುಳ್ಳಾಗುತ್ತೆ."

"ನಮ್ಮವ್ವನೂ 'ಬರ್ತೀನಿ' ಅಂದೇ ಹೋದ್ಳು, ಬರಲಿಲ್ಲ. ಆ ಮಾತು ಹಿಡ್ಕೊಂಡೇ ನಾನು ಬೆಳೆದೆ."

ಮರಿದೇವಯ್ಯ ಪದ ತಿದ್ದಿದರು. ಅವಳು ಸಹಿ ಹಾಕಿ, ಸೆರಗು ಹೊದ್ದು ಎದ್ದಳು.

"ಬರ್ತೀನಿ ಸ್ವಾಮಿ."

"ಹೂಂ, ಹೋಗಿ ಬಾರಮ್ಮ," ಎಂಬ ಮಾತು ಅವರ ಬಾಯಿಂದ ತಾನಾಗಿ ಬಂದುಬಿಟ್ಟಿತು. ಆಡಿದ ಮಾತನ್ನು ಏನು ಮಾಡುವುದೆಂದು ತೋಚದೆ, ಅವರು ಮುಗಿದಿದ್ದ ಕಾದಂಬರಿಯ ಕೆಳಗೆ ಇನ್ನೊಂದು ಬಿಳಿ ಹಾಳೆ ಸೇರಿಸಿ ಕೂತರು.